ಹೆಸರು ಹಿಡಿದು ಕರೆದ ವರ್ಷ

ಕಳೆದ ತಿಂಗಳು ನನ್ನ ಹಳೆಯ ಕಾಲೇಜಿಗೆ ಹೋಗಬೇಕಾಗಿ ಬಂತು. ಸರ್ವಿಸ್ ಸರ್ಟಿಫಿಕೇಟಿನಲ್ಲಿ ನಾನು ಕೆಲಸಕ್ಕೆ ಸೇರಿದ ತಾರೀಕು ತಪ್ಪಾಗಿ ಬಿದ್ದಿತ್ತು. ತಿದ್ದಿಸಿಕೊಳ್ಳೋಣವೆಂದು ಅರ್ಧ ದಿನ ರಜೆ ಹಾಕಿ ದಟ್ಟಗಳ್ಳಿಯಿಂದ ಸ್ಕೂಟರಿನಲ್ಲಿ ಸರಸ್ವತಿಪುರಂಗೆ ಹೊರಟೆ. ಆಫೀಸಿನಲ್ಲಿದ್ದ ಹೆಂಗಸು, "ಹತ್ತು ನಿಮಿಷ ಕೂತಿರಿ ಮೇಡಂ, ಪ್ರಿನ್ಸಿಪಾಲರ ಸಹಿ ಆಗ್ಬೇಕು" ಎಂದರು. ಆ ಆಫೀಸಿನ ಹತ್ತು ನಿಮಿಷ ಎಷ್ಟು ಉದ್ದ ಎಂಬುದು ನನಗೆ ಗೊತ್ತಿದ್ದರಿಂದ ಮೇಲಿನ ಮಹಡಿಗೆ ಹತ್ತಿದೆ. ಸಸ್ಯಶಾಸ್ತ್ರ ವಿಭಾಗದ ಕಡೆಗೆ ತಿರುಗುತ್ತಿದ್ದಂತೆ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಒಣಗಿಸಿದ ಗಿಡಗಳನ್ನು ಅಂಟಿಸಿದ ಹಾಳೆಗಳನ್ನು ಇಡುವ ಬೀರುಗಳಿಗೆ ಹುಳು ಹಿಡಿಯದಿರಲಿ ಎಂದು ಆ ಬಿಳಿ ಗುಳಿಗೆಗಳನ್ನು ಹಾಕುತ್ತಾರೆ. ನಾನು ಅಲ್ಲಿ ಐದು ವರ್ಷ ಪಾಠ ಮಾಡಿದ್ದೇನೆ. ಆದರೆ ಆ ವಾಸನೆ ಐದು ವರ್ಷಗಳನ್ನು ತರಲಿಲ್ಲ, ಮೊದಲ ವರ್ಷವನ್ನು ಮಾತ್ರ ತಂದಿತು.

ಅದಕ್ಕೆ ಇನ್ನೊಂದು ಕಾರಣವೂ ಇತ್ತು. ನಾನೀಗ ಇರುವ ಕಾಲೇಜಿನಲ್ಲಿ ಹಿಂದಿನ ವಾರವಷ್ಟೇ ಒಂದು ಮೀಟಿಂಗ್ ನಡೆದಿತ್ತು. ವಿದ್ಯಾರ್ಥಿಗಳು ಅಧ್ಯಾಪಕರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ತರಬಹುದೇ ಎಂಬುದು ವಿಷಯ. ಚಿಕ್ಕ ವಯಸ್ಸಿನವರು ಹೌದು ಎಂದರು, ದೊಡ್ಡವರು ಬೇಡವೆಂದು ತಲೆಯಾಡಿಸಿದರು, ಇಬ್ಬರು ಮೂವರು ಮೊಬೈಲ್ ನೋಡುತ್ತ ಕೂತರು. "ನೀವೇನಂತೀರಾ ವಸುಧಾ ಮೇಡಂ?" ಎಂದು ಕೇಳಿದಾಗ, ಆಮೇಲೆ ಹೇಳುತ್ತೇನೆ ಎಂದು ಜಾರಿಕೊಂಡೆ. ಐದು ನಿಮಿಷದಲ್ಲಿ ಹೇಳಿ ಮುಗಿಸುವಂಥ ಮಾತು ಅದಾಗಿರಲಿಲ್ಲ.

ಆ ಕಾಲೇಜಿಗೆ ಸೇರಿದಾಗ ನನಗೆ ಮೂವತ್ತು ವಯಸ್ಸು. ಪಿಎಚ್‌.ಡಿ ಮಾಡಿದ್ದು ಹೊರರಾಜ್ಯದ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಅಲ್ಲಿ ನಿರ್ದೇಶಕರನ್ನೂ ಹೆಸರಿನಿಂದಲೇ ಕರೆಯುತ್ತಿದ್ದೆವು. ಅರವತ್ತು ದಾಟಿದ ನನ್ನ ಗೈಡ್‌ಗೆ, ನಿಮ್ಮ ಲೆಕ್ಕಾಚಾರ ತಪ್ಪಿದೆ ಎಂದು ಅವರ ಹೆಸರು ಹಿಡಿದೇ ಹೇಳಿ, ವಾದ ಮಾಡಿ, ಗೆದ್ದಿದ್ದೆ. ಹೆಸರು ಹಿಡಿದು ಕರೆಯುವ ಬಾಯಿಗೆ ಪ್ರಶ್ನೆ ಕೇಳುವ ಧೈರ್ಯ ತಾನಾಗಿ ಬರುತ್ತದೆ ಎಂದು ನಾನು ನಂಬಿದ್ದೆ. ಈಗಲೂ ಆ ನಂಬಿಕೆಯನ್ನು ಪೂರ್ತಿ ಬಿಟ್ಟಿಲ್ಲ.

ಮಳೆಗಾಲದ ಮಧ್ಯದಲ್ಲಿ ಫೈನಲ್ ಬಿ.ಎಸ್ಸಿ.ಯ ಮೊದಲ ತರಗತಿ. ಇಪ್ಪತ್ತೆರಡು ಮಂದಿ. ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಮ್ಯಾಮ್" ಎಂದು ಎಳೆದರು. ನಾನು ಕೂರಲು ಹೇಳಿ, "ನಾಳೆಯಿಂದ ಏಳೋದೂ ಬೇಡ, ಮ್ಯಾಮ್ ಅನ್ನೋದೂ ಬೇಡ. ನನ್ನ ಹೆಸರು ವಸುಧಾ. ಹಾಗೇ ಕರೀರಿ" ಎಂದೆ. ಆಮೇಲೆ ಹಿಂದಿನ ಬೆಂಚಿನಿಂದ ಪ್ರೀತಮ್ ಎನ್ನುವ ಹುಡುಗ, "ಓಕೆ ವಸುಧಾ!" ಎಂದ. ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕೆ. ಗೆದ್ದೆ ಅನ್ನಿಸಿತು.

ವಿಭಾಗದ ಮುಖ್ಯಸ್ಥರಾದ ರಾಜಶೇಖರ್ ಸರ್‌ಗೆ ವಿಷಯ ತಲುಪಲು ಎರಡು ದಿನ ಸಾಕಾಯಿತು. ಕಾರಿಡಾರಿನಲ್ಲಿ ಪ್ರೀತಮ್ ನನ್ನನ್ನು ತಡೆದು, "ವಸುಧಾ, ಇವತ್ತು ಟೆಸ್ಟ್ ಇದ್ಯಾ?" ಎಂದು ಕೇಳಿದ್ದು ಅವರ ಕಿವಿಗೇ ಬಿತ್ತು. ಒಳಗೆ ಕರೆದು ಕೂರಿಸಿ, ಕಾಫಿ ತರಿಸಿದರು. ಅವರು ಒಳ್ಳೆಯ ಮನುಷ್ಯ, ನಿವೃತ್ತಿಗೆ ಮೂರು ವರ್ಷ ಬಾಕಿ.

"ನೋಡಿ ಮೇಡಂ, ನಿಮ್ಮ ಉದ್ದೇಶ ನನಗೆ ಅರ್ಥ ಆಗತ್ತೆ. ಆದ್ರೆ ಇದು ಮೈಸೂರು ಕಣ್ರೀ. ಹಾಲು ಹಾಕೋನಿಗೂ ನಾವು 'ಬನ್ನಿ' ಅಂತೀವಿ. ಹೆಸರು ಹಿಡಿಯೋ ಹುಡುಗ್ರು ನಾಳೆ ತಲೆ ಮೇಲೆ ಕೂರ್ತಾರೆ."

"ತಲೆ ಮೇಲೆ ಕೂತ್ರೆ ಇಳಿಸ್ಕೋತೀನಿ ಸರ್. ಎದುರಿಗೆ ಕೂರಲಿ ಅನ್ನೋದಷ್ಟೇ ನನ್ನಾಸೆ."

ಅವರು ನಕ್ಕು, "ಪ್ರೊಬೇಷನ್‌ನಲ್ಲಿದೀರ. ಜ್ಞಾಪಕ ಇರಲಿ" ಎಂದರು. ಬೆದರಿಕೆಯ ದನಿಯಿರಲಿಲ್ಲ. ಆಮೇಲೆ ಬಾಗಿಲ ಕಡೆ ತಿರುಗಿ, "ನಂಜುಂಡ, ಈ ಲೋಟ ತಗೊಂಡ್ ಹೋಗೋ" ಎಂದು ಕೂಗಿದರು. ವಿಭಾಗದ ಅಟೆಂಡರ್ ನಂಜುಂಡಪ್ಪ ಬಂದು ಲೋಟ ತೆಗೆದುಕೊಂಡು ಹೋದರು. ಐವತ್ತಾರು ವರ್ಷದವರು. ಆಗ ಅದು ನನ್ನ ಕಿವಿಗೆ ಬಿತ್ತೇ ಹೊರತು ಮನಸ್ಸಿಗೆ ಇಳಿಯಲಿಲ್ಲ. ನಾನೂ ಸೇರಿದ ದಿನದಿಂದ ಅವರನ್ನು 'ನಂಜುಂಡ' ಎಂದೇ ಕರೆಯುತ್ತಿದ್ದೆ, ಎಲ್ಲರೂ ಕರೆಯುತ್ತಿದ್ದರು ಎಂಬ ಒಂದೇ ಕಾರಣಕ್ಕೆ.

ಮೊದಲೆರಡು ತಿಂಗಳು ಚೆನ್ನಾಗಿಯೇ ನಡೆಯಿತು. ಸುಳ್ಳು ಹೇಳಲಾರೆ, ಪ್ರಶ್ನೆಗಳು ಹೆಚ್ಚಾದವು. ಪಾಠದ ಮಧ್ಯೆ ಕೈಯೆತ್ತದೆ ಮಾತಾಡುವುದು, ಬೋರ್ಡಿನ ಮೇಲಿನ ಚಿತ್ರ ತಪ್ಪಿದೆ ಎನ್ನುವುದು ಶುರುವಾಯಿತು. ಇಂಗ್ಲಿಷಿನಲ್ಲಿ ಎಲ್ಲವೂ ಸಲೀಸು. ಕನ್ನಡಕ್ಕೆ ಬಂದೊಡನೆ ಮಾತ್ರ ಹುಡುಗರು ಎಡವುತ್ತಿದ್ದರು. "ವಸುಧಾ, ನೀವು ನಾಳೆ ಬರ್ತೀರಾ?" ಎಂದು ಕೇಳುವಾಗ ಬಿಡಿ ಹೆಸರಿಗೂ ಬಹುವಚನಕ್ಕೂ ಹೊಂದಿಕೆಯಾಗದೆ ಅವರಿಗೇ ಕಸಿವಿಸಿ. 'ನೀನು ಬರ್ತೀಯಾ' ಎನ್ನಲು ಯಾರಿಗೂ ನಾಲಿಗೆ ಏಳುತ್ತಿರಲಿಲ್ಲ. ನಾನಾದರೋ ಅವರೆಲ್ಲರನ್ನೂ 'ನೀನು' ಎಂದೇ ಮಾತಾಡಿಸುತ್ತಿದ್ದೆ. ಅದು ಸಮಾನತೆಯ ಲೆಕ್ಕದಲ್ಲಿ ಎಲ್ಲಿ ಕೂರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಒಂದು ಮಧ್ಯಾಹ್ನ ಕ್ಯಾಂಟೀನ್ ದಾಟುತ್ತಿದ್ದಾಗ ಹಿಂದಿನಿಂದ ಯಾರೋ "ವಸುಧಾ..." ಎಂದು ರಾಗವಾಗಿ ಎಳೆದರು. ತಿರುಗಿದರೆ ನನ್ನ ತರಗತಿಯವರಲ್ಲದ ನಾಲ್ಕು ಹುಡುಗರು, ಏನೂ ಆಗದವರಂತೆ ಟೀ ಕುಡಿಯುತ್ತ ನಿಂತಿದ್ದರು. ಮುಂದೆ ನಡೆದೆ. ಬೆನ್ನ ಹಿಂದೆ ನಗು. ರಾಜಶೇಖರ್ ಸರ್‌ಗೆ ಹೇಳಲಿಲ್ಲ; ಹೇಳಿದರೆ ಅವರ ಮಾತೇ ನಿಜವಾಗುತ್ತದಲ್ಲ ಎಂಬ ಹಟ. ನನ್ನ ಗೈಡ್ ಬಿಳಿ ಗಡ್ಡದ ಗಂಡಸು. ಅವರ ಹೆಸರನ್ನು ಯಾರೂ ಹೀಗೆ ಎಳೆದಿರಲಿಲ್ಲ ಎಂಬುದು ಅವತ್ತು ತಿಳಿಯಿತು. ಆದರೂ ನಿಯಮ ಬದಲಿಸಲಿಲ್ಲ.

ತರಗತಿಯಲ್ಲಿ ಒಬ್ಬಳು ಮಾತ್ರ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ದಾಕ್ಷಾಯಿಣಿ. ಗೆಳತಿಯರಿಗೆ ದಾಕ್ಷಿ. ಹಣೆಯಲ್ಲಿ ಸಣ್ಣ ವಿಭೂತಿಯ ಗೆರೆ, ಎರಡು ಜಡೆ, ಯಾವಾಗಲೂ ಮೊದಲ ಬೆಂಚು. ಅವ್ವ ಸರಸ್ವತಿಪುರಂನ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾರೆ ಎಂಬುದಷ್ಟು ಗೊತ್ತಿತ್ತು. ಗಿಡಗಳ ವಿಷಯದಲ್ಲಿ ಅವಳ ಕಣ್ಣು ನಮ್ಮೆಲ್ಲರ ಕಣ್ಣಿಗಿಂತ ಚುರುಕು. ಏನಾದರೂ ಕೇಳಬೇಕಾದರೆ ನೇರ ನನ್ನ ಮೇಜಿನ ಎದುರು ಬಂದು ನಿಲ್ಲುತ್ತಿದ್ದಳು. ನಾನು ತಲೆಯೆತ್ತುವವರೆಗೂ ಕಾಯುತ್ತಿದ್ದಳು. ಆಮೇಲೆ, "ಇದು ನೋಡ್ತೀರಾ?" ಎನ್ನುತ್ತಿದ್ದಳು. ನಾನು ಬೋರ್ಡಿನ ಕಡೆ ತಿರುಗಿದ್ದರೆ, ಮತ್ತೆ ಇತ್ತ ತಿರುಗುವವರೆಗೂ ಅವಳ ಪ್ರಶ್ನೆ ಗಂಟಲಲ್ಲೇ. ನಾಚಿಕೆಯ ಹುಡುಗಿ, ನಿಧಾನವಾಗಿ ಸರಿಹೋಗುತ್ತಾಳೆ ಎಂದುಕೊಂಡೆ. ಒಂದು ಸಲ ಎಲ್ಲರೆದುರು, "ದಾಕ್ಷಾಯಿಣಿ, ವಸುಧಾ ಅನ್ನು ನೋಡೋಣ. ಮೂರಕ್ಷರ ಅಷ್ಟೇ" ಎಂದು ತಮಾಷೆಗೆ ಕಾಡಿದ್ದೂ ಉಂಟು. ಅವಳು ಕೆಂಪಾಗಿ ತಲೆ ತಗ್ಗಿಸಿದಳು. ಆ ತಮಾಷೆ ನೆನೆದರೆ ಇವತ್ತೂ ನನಗೆ ಹಿಂಸೆಯಾಗುತ್ತದೆ.

ದಸರಾ ರಜೆ ಮುಗಿದ ಮೇಲೆ ಗಿಡಗಳ ಸಂಗ್ರಹಕ್ಕೆಂದು ಎಲ್ಲರನ್ನೂ ಚಾಮುಂಡಿ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಮಳೆ ಹಿಂದೆ ಸರಿದು ಬಿಸಿಲು ಹಿತವಾಗಿತ್ತು. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಬೆಟ್ಟದ ಮೇಲಿಂದ ಗಂಟೆಯ ಸದ್ದು ತೇಲಿ ಬರುತ್ತಿತ್ತು. ಉತ್ತನಹಳ್ಳಿಯ ಕಡೆಗೆ ಇಳಿಯುವ ರಸ್ತೆಯ ಪಕ್ಕದ ಕುರುಚಲಲ್ಲಿ ಹುಡುಗರು ಚದುರಿಕೊಂಡರು. ನಂಜುಂಡಪ್ಪ ಗಿಡಗಳನ್ನು ಒತ್ತಿಡುವ ಹಳೆಯ ಪತ್ರಿಕೆಗಳ ಕಟ್ಟು ಹೊತ್ತು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದರು. ಯಾವ ಬಂಡೆಯ ಮಗ್ಗುಲಲ್ಲಿ ಯಾವ ಗಿಡ ಯಾವಾಗ ಹೂ ಬಿಡುತ್ತದೆ ಎಂಬುದು ಮೂವತ್ತು ವರ್ಷದಿಂದ ಅವರ ಕಾಲಿಗೇ ಗೊತ್ತಿತ್ತು.

ಕಾರೆಮುಳ್ಳಿನ ಪೊದೆಯೊಂದರ ಮೇಲೆ ಹಬ್ಬಿದ್ದ ಬಳ್ಳಿ ನನ್ನ ಕಣ್ಣಿಗೆ ಬಿತ್ತು. ಹೂವೂ ಕಾಯಿಯೂ ಒಟ್ಟಿಗೇ ಇದ್ದವು. ನಮ್ಮ ಬೀರುವಿನಲ್ಲಿ ಅದರ ಹಾಳೆ ಇರಲಿಲ್ಲ. ಕತ್ತರಿ ಹಿಡಿದು ಪೊದೆಯೊಳಗೆ ಭುಜದವರೆಗೂ ಕೈ ಹಾಕಿದೆ. ನನ್ನ ಪೂರ್ತಿ ಗಮನ ಆ ಬಳ್ಳಿಯ ಬುಡದ ಮೇಲೆ.

ಆಮೇಲೆ ನಡೆದದ್ದು ಒಂದು ಅರೆಗಳಿಗೆಯದು. ಹಿಂದಿನಿಂದ ಯಾರೋ ಓಡಿ ಬಂದ ಸದ್ದು. ಎರಡು ಕೈಗಳು ನನ್ನನ್ನು ಬಲವಾಗಿ ಪಕ್ಕಕ್ಕೆ ನೂಕಿದವು. ನಾನು ಹುಲ್ಲಿನ ಮೇಲೆ ಬಿದ್ದೆ. ನೂಕಿದವಳು ಓಡಿ ಬಂದ ಭರದಲ್ಲಿ ನಿಲ್ಲಲಾರದೆ ಪೊದೆಯ ಮೇಲೆಯೇ ಮುಗ್ಗರಿಸಿದಳು. ದಾಕ್ಷಾಯಿಣಿ. ಪೊದೆಯೊಳಗಿಂದ ಕಡಜದ ಹುಳುಗಳು ಭರ್ರೆಂದು ಎದ್ದವು. ನನ್ನ ಕೈಯಿಂದ ಒಂದು ಗೇಣಿನಷ್ಟು ದೂರದಲ್ಲಿ, ಎಲೆಗಳ ಮರೆಯಲ್ಲಿ, ಅಂಗೈಯಗಲದ ಗೂಡಿತ್ತು.

"ಕಡಜ ಕಡಜ! ಎಲ್ರೂ ರಸ್ತೆ ಕಡೀಕ್ ಓಡ್ರಪ್ಪ!" ಎಂದು ಕೂಗುತ್ತ ನಂಜುಂಡಪ್ಪ ತಮ್ಮ ಹೆಗಲ ಟವೆಲ್ಲನ್ನು ಅವಳ ತಲೆಯ ಮೇಲೆ ಹಾಕಿ, ಎಳೆದು ಹೊರಗೆ ತಂದರು. ಕೆನ್ನೆ, ಕತ್ತು, ತುಟಿ, ಕೈ, ಎಲ್ಲ ಸೇರಿ ಒಂಬತ್ತು ಕಡೆ ಕಚ್ಚಿದ್ದವು. ತಮ್ಮ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಹಚ್ಚಲು ಹೊರಟವರು, ಅವಳ ಮುಖ ನೋಡಿ ಕೈ ಹಿಂದೆಗೆದರು. "ಸುಣ್ಣಕ್ಕೆ ಬಗ್ಗೋದಲ್ಲ ಇದು, ಉಸ್ರು ಕಟ್ಟತಾ ಅದೆ. ಆಸ್ಪತ್ರೆಗ್ ನಡೀರಿ ಮೇಡಂ."

ತುಟಿ ಊದಿ ಕಣ್ಣು ಮುಚ್ಚಿ ಹೋಗಿತ್ತು. ಎದೆಯಲ್ಲಿ ಸೀಟಿ ಊದಿದಂಥ ಸದ್ದು. ದೇವಸ್ಥಾನದಿಂದ ಇಳಿದು ಬರುತ್ತಿದ್ದ ಕಾರೊಂದನ್ನು ನಂಜುಂಡಪ್ಪ ರಸ್ತೆಯ ನಡುವೆ ನಿಂತು ಅಡ್ಡ ಹಾಕಿದರು. ಪ್ರಸಾದದ ಬುಟ್ಟಿ ತೊಡೆಯ ಮೇಲಿಟ್ಟುಕೊಂಡಿದ್ದ ಕುಟುಂಬವೊಂದು ತಕ್ಷಣ ಇಳಿದು ನಮಗೆ ಜಾಗ ಕೊಟ್ಟಿತು. ಆ ದಾರಿಯುದ್ದಕ್ಕೂ ನಾನು ಅವಳ ಕೈ ಹಿಡಿದುಕೊಂಡು, "ಉಸಿರಾಡು, ಉಸಿರಾಡು" ಎನ್ನುತ್ತಿದ್ದೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಆಕ್ಸಿಜನ್ ಹಾಕಿದರು. ಡಾಕ್ಟರು ಹೊರಗೆ ಬಂದು, "ಅಲರ್ಜಿ ಇದೆ ಅವಳಿಗೆ. ಇನ್ನೊಂದು ಕಾಲು ಗಂಟೆ ತಡವಾಗಿದ್ರೆ ಕಷ್ಟ ಇತ್ತು. ಈಗ ಪರವಾಗಿಲ್ಲ" ಎಂದಾಗ ನಾನು ಬೆಂಚಿನ ಮೇಲೆ ಕೂತೆ.

ಹಿಂದೆಯೇ ಆಟೋದಲ್ಲಿ ಬಂದ ಪ್ರೀತಮ್ ನನ್ನ ಪಕ್ಕ ಕೂತ. ಕೈಗಂಟಿದ ಮಣ್ಣು ಒರೆಸಿಕೊಳ್ಳುತ್ತ ಹೇಳಿದ: "ದಾಕ್ಷಿ ನನ್ ಪಕ್ಕಾನೇ ನಿಂತಿದ್ಲು. ನೀವು ಕೈ ಹಾಕ್ದಾಗ್ಲೇ ಗೂಡು ಅವಳ ಕಣ್ಣಿಗ್ ಬಿತ್ತು. ಬಾಯಿ ತೆಗೆದ್ಲು, ಶಬ್ದಾನೇ ಬರ್ಲಿಲ್ಲ. ಆಮೇಲೆ ಓಡಿದ್ಲು." ಅವನು ಹೆಸರನ್ನೂ ಹೇಳಲಿಲ್ಲ, ಮ್ಯಾಮ್ ಎಂದೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಹಣ್ಣು ತೆಗೆದುಕೊಂಡು ವಾರ್ಡಿಗೆ ಹೋದೆ. ದಾಕ್ಷಾಯಿಣಿ ದಿಂಬಿಗೊರಗಿ ಕೂತಿದ್ದಳು. ಊತ ಅರ್ಧ ಇಳಿದಿತ್ತು. ಅವಳ ಅವ್ವ ಗೌರಮ್ಮ ಎದ್ದು ನಿಂತರು. ಬೈಯುತ್ತಾರೆ ಎಂದು ಸಿದ್ಧಳಾಗಿಯೇ ಹೋಗಿದ್ದೆ.

"ನಿಮ್ಗೇನೂ ಆಗಿಲ್ಲ ತಾನೆ ಮೇಡಮ್ಮೋರೆ?" ಎಂದು ಅವರು ನನ್ನ ತೋಳು ಮುಟ್ಟಿ ನೋಡಿದರು. "ನಮ್ ಮಗ್ಳು ಹಂಗೇ ಕಣವ್ವ, ಮಾತಿಗಿಂತ ಮುಂಚೆ ಕೈಯಿ ಮುಂದಾಯ್ತದೆ." ನನಗೆ ಕಾಫಿ ತರುತ್ತೇನೆಂದು, ಬೇಡವೆಂದರೂ ಕೇಳದೆ, ಫ್ಲಾಸ್ಕ್ ಹಿಡಿದು ಹೊರಗೆ ಹೋದರು.

ನಾವಿಬ್ಬರೇ ಉಳಿದೆವು. "ಯಾಕೆ ಕೂಗ್ಲಿಲ್ಲ ನೀನು? ಅಲ್ಲಿಂದ್ಲೇ ಒಂದು ಕೂಗು ಹಾಕಿದ್ರೆ ನಾನೇ ಕೈ ತೆಗೀತಿದ್ನಲ್ಲ" ಎಂದೆ.

ಅವಳು ಹೊದಿಕೆಯ ಅಂಚು ನೋಡುತ್ತ, "ಏನಂತ ಕೂಗ್ಲಿ?" ಎಂದಳು.

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಮೇಡಂ ಅನ್ಬೇಡಿ ಅಂದಿದ್ರಿ. ಹೆಸರು ಹಿಡಿದು ಕರಿಯಕ್ಕೆ ನಂಗೆ ಬಾಯಿ ಬರಲ್ಲ. ಎರಡೂ ಬಿಟ್ರೆ 'ಏಯ್' ಅನ್ಬೇಕು. ನಿಮ್ಮನ್ನ 'ಏಯ್' ಅಂತ ಕರೀಲಾ?" ಊದಿದ ತುಟಿಯಿಂದ ಮಾತು ತೊದಲುತ್ತಿತ್ತು, ಆದರೆ ನಿಲ್ಲಿಸಲಿಲ್ಲ. "ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅವ್ವನ ಜೊತೆ ಕೆಲಸದ ಮನೆಗೆ ಹೋಗಿದ್ದೆ. ಆ ಮನೇಲಿ ನನ್ನಷ್ಟೇ ದೊಡ್ಡ ಹುಡುಗ ಒಬ್ಬ ಇದ್ದ. ಸೋಫಾದಲ್ಲಿ ಕೂತ್ಕೊಂಡು 'ಗೌರಿ, ನೀರು ತಾ' ಅಂದ. ನನ್ನವ್ವನ್ನ. ಅವ್ವ ನಗ್ತಾ ತಂದ್ಕೊಟ್ರು. ಮನೆಗೆ ವಾಪಸ್ ಬರೋ ದಾರೀಲಿ, 'ನೀನು ಮಾತ್ರ ಯಾರ್ನೂ ಹಂಗೆ ಕರೀಬ್ಯಾಡ ಕಣವ್ವ' ಅಂದ್ರು. ಇನ್ನೇನೂ ಹೇಳ್ಲಿಲ್ಲ."

ನಾನು ತಂದಿದ್ದ ಹಣ್ಣಿನ ಚೀಲವನ್ನು ಅವಳ ದಿಂಬಿನ ಪಕ್ಕ ಇಟ್ಟೆ.

"ಒಂದು ಕೇಳ್ಲಾ? ನೀವು ಹೆಸರು ಹಿಡಿದು ಕರೀರಿ ಅಂತ ನಮಗೆ ಹೇಳಿದ್ರಿ. ನಂಜುಂಡಪ್ಪನವ್ರನ್ನ ನೀವು ನಂಜುಂಡ ಅಂತೀರಲ್ಲ, ಹಾಗೆ ಕರೀರಿ ಅಂತ ಅವರು ನಿಮಗೆ ಹೇಳಿದ್ರಾ?"

ಚುಚ್ಚಬೇಕೆಂದು ಕೇಳಿದ್ದಲ್ಲ. ಗಿಡದ ಎಲೆ ತಂದು ಇದು ಯಾವ ಕುಟುಂಬಕ್ಕೆ ಸೇರಿದ್ದು ಎಂದು ಕೇಳುವಾಗ ಇರುತ್ತಿದ್ದ ದನಿಯೇ. ನಾನು ಹುಟ್ಟಿದ ಮನೆಯಲ್ಲಿ ಮುತ್ತಾತನ ಕಾಲದಿಂದ ಅರಮನೆಯ ಕಚೇರಿಯ ಕೆಲಸ, ಓದು, ಬರಹ. ನಮ್ಮಲ್ಲಿ ಪಾತ್ರೆ ತೊಳೆಯಲು ಬರುತ್ತಿದ್ದವರಿಗೆ ನಮ್ಮಜ್ಜಿಯ ವಯಸ್ಸು. ನಾನು ಅವರನ್ನು 'ಪುಟ್ಟಿ' ಎಂದು ಕರೆಯುತ್ತಿದ್ದೆ. 'ಪುಟ್ಟಿ, ಬಾ', 'ಪುಟ್ಟಿ, ಹೋಗು'. ಅವರ ನಿಜವಾದ ಹೆಸರು ಏನೆಂದು ನಾನು ಒಂದು ದಿನವೂ ಕೇಳಿರಲಿಲ್ಲ. ಗೌರಮ್ಮ ತಂದುಕೊಟ್ಟ ಕಾಫಿಯನ್ನು ಬಿಸಿಬಿಸಿಯಾಗಿಯೇ ಕುಡಿದು ಎದ್ದೆ. ಹೊರಡುವಾಗ, "ಬರ್ತೀನಿ ಗೌರಮ್ಮನವರೇ" ಎಂದೆ. ಅವರು ಮಗಳ ಕಡೆ ನೋಡಿ, ನಾನು ಯಾರನ್ನು ಕರೆದೆ ಎಂಬಂತೆ ಹುಬ್ಬೇರಿಸಿದರು.

ಆಡಳಿತ ಮಂಡಳಿಯವರು ಲಿಖಿತ ವಿವರಣೆ ಕೇಳಿದರು. ನಾನು ಪೊದೆಯನ್ನು ಪರೀಕ್ಷಿಸದೆ ಕೈ ಹಾಕಿದ್ದು ತಪ್ಪು ಎಂದು ಬರೆದುಕೊಟ್ಟೆ. ಹೆಸರಿನ ವಿಷಯವನ್ನೂ ಬರೆದಿದ್ದೆ. ರಾಜಶೇಖರ್ ಸರ್ ಓದಿ, ಆ ಪ್ಯಾರಾದ ಮೇಲೆ ಪೆನ್ಸಿಲಿನಿಂದ ಗೀಟು ಎಳೆದರು. "ಇದು ಅವರಿಗೆ ಅರ್ಥ ಆಗಲ್ಲ. ನಿಮಗೆ ಅರ್ಥ ಆಗಿದ್ಯಲ್ಲ, ಸಾಕು." ನಾನು ನಿರೀಕ್ಷಿಸಿದ್ದ 'ನಾನು ಮೊದಲೇ ಹೇಳಿರಲಿಲ್ವಾ' ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ವಿವರಣೆಯ ಕೆಳಗೆ, ಪ್ರವಾಸಕ್ಕೆ ಅನುಮತಿ ಕೊಟ್ಟದ್ದು ತಾವೇ ಎಂದು ಎರಡು ಸಾಲು ಸೇರಿಸಿ ಸಹಿ ಹಾಕಿದರು. ನನ್ನ ಕೆಲಸ ಉಳಿಯಿತು.

ಅದೇ ದಿನ, ಒಣಗಿಡಗಳ ಹಾಳೆಗಳನ್ನಿಡುವ ಹರ್ಬೇರಿಯಂ ಕೋಣೆಗೆ ಹೋದೆ. ನಂಜುಂಡಪ್ಪ ಬೀರುಗಳಿಗೆ ನುಸಿಗುಳಿಗೆ ಹಾಕುತ್ತಿದ್ದರು. "ನಂಜುಂಡಪ್ಪನವರೇ" ಎಂದೆ. ಅವರು ತಿರುಗಲಿಲ್ಲ. ಇನ್ನೊಂದು ಸಲ ಕರೆದಾಗ ತಿರುಗಿ, ನನ್ನ ಬೆನ್ನ ಹಿಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿದರು.

"ನಿಮ್ಮನ್ನೇ ಕರೆದದ್ದು. ಇಷ್ಟು ದಿನ ತಪ್ಪಾಗಿ ಕರೀತಿದ್ದೆ."

"ಬುಡಿ ಮೇಡಂ, ನಂಗ್ಯಾಕೆ ಬೌವಚನ? ಬೇರೆ ಯಾರ್ನೋ ಕರ್ದಂಗಾಯ್ತದೆ." ನಕ್ಕರು. ಒಂದು ಖಾನೆ ತೆರೆದು, ಗುಳಿಗೆ ಹಾಕಿ, ಮುಚ್ಚಿದರು. ಇನ್ನೊಂದು ಖಾನೆ ತೆರೆಯುತ್ತ, ಬೀರುವಿಗೆ ಹೇಳುವಂತೆ ಹೇಳಿದರು: "ಸೇರ್ದಾಗ ಉರೀತಿತ್ತು. ಆಮ್ಯಾಕೆ ರೂಢಿಯಾಗೋಯ್ತು. ಹೋದ್ ವರ್ಷ ನಮ್ ಸೊಸೆ ಬಂದಿದ್ಲು, ಊಟದ ಡಬ್ಬಿ ಮರ್ತು ಬಂದ್ಬುಟ್ಟಿದ್ದೆ. ಅದೇ ವ್ಯಾಳ್ಯಕ್ಕೆ ಒಬ್ಬ ಹುಡ್ಗ, ನಮ್ ಮೊಮ್ಮಗನಿಗಿಂತ ಏನೋ ನಾಕೈದು ವರ್ಷ ದೊಡ್ಡೋನು, 'ನಂಜುಂಡ, ಎಲ್ಲೋಗಿದ್ಯೋ' ಅಂದ. ನಮ್ ಸೊಸೆ ತಲೆ ಬಗ್ಗಿಸ್ಬುಟ್ಲು. ಅವತ್ತು ಮಾತ್ರ ಡಬ್ಬಿ ತೆಗೀಲಿಲ್ಲ ನಾನು."

ಮುಂದಿನ ತರಗತಿಯಲ್ಲಿ ಪಾಠಕ್ಕೆ ಮೊದಲು ಹತ್ತು ನಿಮಿಷ ಮಾತಾಡಿದೆ. "ನಾನೊಂದು ನಿಯಮ ಮಾಡಿದ್ದೆ. ನಿಮ್ಮನ್ನು ಕೇಳದೆ ಮಾಡಿದ್ದೆ. ಅದನ್ನ ವಾಪಸ್ ತಗೋತಿದೀನಿ. ವಸುಧಾ ಅನ್ನೋರು ಅನ್ನಿ, ಮೇಡಂ ಅನ್ನೋರು ಅನ್ನಿ. ದೂರದಿಂದ ನನ್ನನ್ನ ಕೂಗ್ಬೇಕಾದಾಗ ಯಾವ ಮಾತು ನಿಮ್ಮ ಬಾಯಿಗೆ ಮೊದಲು ಬರತ್ತೋ ಅದೇ ನನ್ನ ಹೆಸರು. ಪ್ರಶ್ನೆ ಮಾತ್ರ ನಿಲ್ಲಿಸ್ಬೇಡಿ. ಮತ್ತೆ, ನಂಜುಂಡಪ್ಪನವರನ್ನ ನಂಜುಂಡಪ್ಪನವರು ಅಂತಾನೇ ಕರೀಬೇಕು. ಇದನ್ನ ನಾನು ಕೇಳ್ಕೋತಿಲ್ಲ, ಹೇಳ್ತಿದೀನಿ." ಎರಡನೆಯದೂ ಒಂದು ನಿಯಮವೇ ಅಲ್ಲವೇ ಎಂದು ಪ್ರೀತಮ್ ಕೇಳಿದ. ಹೌದು ಎಂದೆ. ಅಂದಿನಿಂದ ನಾನು ವಿದ್ಯಾರ್ಥಿಗಳನ್ನು 'ನೀವು' ಎನ್ನತೊಡಗಿದೆ. ಒಂದು ವಾರ ನಾಲಿಗೆ ತೊಡರಿತು, ಆಮೇಲೆ ಅದೇ ಸಹಜವಾಯಿತು.

ತರಗತಿಯಲ್ಲಿ ಏಳೆಂಟು ಮಂದಿ ಹೆಸರಲ್ಲೇ ಉಳಿದರು, ಮಿಕ್ಕವರು ಮೇಡಂಗೆ ಮರಳಿದರು. ಪ್ರಶ್ನೆಗಳು ಕಡಿಮೆಯಾಗಲಿಲ್ಲ. ದಾಕ್ಷಾಯಿಣಿಯ ಪ್ರಶ್ನೆಗಳಂತೂ ಮೊದಲ ಸಲ ಶುರುವಾದವು. ನಾನು ಬೋರ್ಡಿನ ಕಡೆ ತಿರುಗಿದ್ದರೂ "ಮೇಡಂ, ಒಂದ್ ನಿಮಿಷ" ಎಂಬ ದನಿ ಬೆನ್ನಿಗೆ ಬಂದು ತಾಗುತ್ತಿತ್ತು. ನನ್ನ ನಿಲುವು ಅಲ್ಲಿಂದಾಚೆಗೆ ಬದಲಾಗಿಲ್ಲ. ದೊಡ್ಡ ಕುರ್ಚಿಯಲ್ಲಿರುವವರು ತಮ್ಮನ್ನು ಹೆಸರು ಹಿಡಿದು ಕರೆಯಿರಿ ಎನ್ನುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಕುರ್ಚಿಯೇ ಇಲ್ಲದವರನ್ನು ಆ ಕಟ್ಟಡದಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ಮೊದಲು ನೋಡಬೇಕು. ಅದು ಸರಿಯಾದ ಮೇಲೆ ನನ್ನನ್ನು ಯಾರು ಹೇಗೆ ಕರೆದರೂ ನನಗೆ ಒಪ್ಪಿಗೆ.

ರೂಢಿ ಸುಲಭವಾಗಿ ಬದಲಾಗಲಿಲ್ಲ. ಪ್ರೀತಮ್ "ನಂಜುಂಡ..." ಎಂದು ಶುರು ಮಾಡಿ, ನನ್ನ ಮುಖ ನೋಡಿ, "...ಪ್ಪನವರೇ" ಎಂದು ಜೋಡಿಸುತ್ತಿದ್ದ. ರಾಜಶೇಖರ್ ಸರ್ ಒಂದೂ ಹೆಸರು ಹೇಳದೆ ಗಂಟೆ ಒತ್ತಿ ಕರೆಯತೊಡಗಿದರು. ಅಷ್ಟರಲ್ಲಿ ಚಳಿ ಮುಗಿದು, ಕಾಲೇಜಿನ ಮುಂದಿನ ರಸ್ತೆಯ ಮರಗಳು ಎಲೆ ಉದುರಿಸಿ ಚಿಗುರಿ, ಬಿಸಿಲು ಏರಿ, ಪ್ರಾಕ್ಟಿಕಲ್ ಪರೀಕ್ಷೆ ಬಂತು.

ಹೊರಗಿನ ಪರೀಕ್ಷಕರು ಬೇರೆ ಊರಿನ ಹಿರಿಯ ಪ್ರಾಧ್ಯಾಪಕರು. ವರ್ಷಾವರ್ಷ ಬರುತ್ತಿದ್ದವರು, ಕಟ್ಟುನಿಟ್ಟಿಗೆ ಹೆಸರಾದವರು. ಲ್ಯಾಬಿನಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅವರ ಮೇಜಿನ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ರಾಜಶೇಖರ್ ಸರ್. ಎದುರಿಗೆ ದಾಕ್ಷಾಯಿಣಿ ಮೌಖಿಕ ಪರೀಕ್ಷೆಗೆ ಕೂತಿದ್ದಳು. ಮೂರು ಪ್ರಶ್ನೆ ಮುಗಿದಿತ್ತು. ಪರೀಕ್ಷಕರಿಗೆ ಕಪಾಟಿನಲ್ಲಿದ್ದ ಒಂದು ಜಾಡಿ ಬೇಕಾಯಿತು.

"ಏ ನಂಜುಂಡ! ಎಲ್ಲಿ ಸತ್ತ ಇವನು? ಆ ಜಾರ್ ತಗೊಂಬಾರೋ ಇಲ್ಲಿ."

ಬಾಗಿಲ ಬಳಿ ನಿಂತಿದ್ದ ನಂಜುಂಡಪ್ಪ ಹೆಜ್ಜೆ ಎತ್ತಿದರು. ನಾನು ಬಾಯಿ ತೆರೆಯಬೇಕಿತ್ತು. ಅಷ್ಟೆಲ್ಲ ಭಾಷಣ ಮಾಡಿದವಳು, ಮುಂದಿರುವ ಅಂಕಪಟ್ಟಿ ನೋಡಿ ತಡೆದುಕೊಂಡೆ.

"ಸರ್," ಎಂದಳು ದಾಕ್ಷಾಯಿಣಿ. ದನಿ ಲ್ಯಾಬಿನ ಕೊನೆಯ ಬೆಂಚಿಗೂ ಕೇಳಿಸುವಷ್ಟಿತ್ತು. "ಅವರ ಹೆಸರು ನಂಜುಂಡಪ್ಪ. ನಾವೆಲ್ಲ ನಂಜುಂಡಪ್ಪನವರು ಅಂತ ಕರೀತೀವಿ."

ಪರೀಕ್ಷಕರ ಪೆನ್ನು ನಿಂತಿತು. ಹಿಂದಿನ ಬೆಂಚುಗಳಲ್ಲಿ ಸೂಕ್ಷ್ಮದರ್ಶಕಕ್ಕೆ ಬಗ್ಗಿದ್ದ ತಲೆಗಳು ಒಂದೊಂದಾಗಿ ಎದ್ದವು. ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಅಷ್ಟರಲ್ಲಿ ನನ್ನ ಎದುರು ಬದಿಯಿಂದ ರಾಜಶೇಖರ್ ಸರ್ ಗಂಟಲು ಸರಿಪಡಿಸಿಕೊಂಡು, "ಹೌದು ಸರ್. ನಂಜುಂಡಪ್ಪನವರು" ಎಂದರು. ಇಷ್ಟು ತಿಂಗಳು ಗಂಟೆ ಒತ್ತಿದ ಮನುಷ್ಯ, ಮೊದಲ ಸಲ ಆ ಹೆಸರನ್ನು ಪೂರ್ತಿ ಉಚ್ಚರಿಸಿದ್ದರು. "ಹೌದು ಸರ್" ಎಂದು ನಾನೂ ಸೇರಿಸಿದೆ, ಮೂರನೆಯವಳಾಗಿ.

ಪರೀಕ್ಷಕರು ಕನ್ನಡಕ ಹಾಕಿಕೊಂಡರು. ಬಾಗಿಲ ಕಡೆ ತಿರುಗಿ, ಒಂದೊಂದೇ ಅಕ್ಷರ ಬಿಡಿಸಿ, "ನಂಜುಂಡಪ್ಪನವರೇ, ಆ ಜಾರ್ ಸ್ವಲ್ಪ ತರ್ತೀರಾ?" ಎಂದರು. ನಂಜುಂಡಪ್ಪ "ತಂದೆ ಸಾರ್" ಎಂದು ಜಾಡಿ ತಂದಿಟ್ಟರು. ಆಮೇಲೆ ಆ ಹುಡುಗಿಗೆ ಇಪ್ಪತ್ತು ನಿಮಿಷ ಪ್ರಶ್ನೆಗಳ ಸುರಿಮಳೆ. ಬೇರಿನಿಂದ ಬೀಜದವರೆಗೆ ಒಂದನ್ನೂ ಬಿಡಲಿಲ್ಲ. ಅವಳೂ ಒಂದನ್ನೂ ಬಿಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅವರು ಅಂಕಪಟ್ಟಿಯನ್ನು ನನ್ನ ಕಡೆ ಸರಿಸಿದರು. ದಾಕ್ಷಾಯಿಣಿಯ ಹೆಸರಿನ ಮುಂದೆ ಆ ತರಗತಿಯ ಅತಿ ಹೆಚ್ಚಿನ ಅಂಕವಿತ್ತು. ಅನ್ನಕ್ಕೆ ಸಾರು ಕಲಸುತ್ತ ಅವರೆಂದರು: "ಆ ಹುಡುಗಿಗೆ ಬಾಟನಿ ಚೆನ್ನಾಗಿ ಬರತ್ತೆ ಕಣ್ರೀ."

"ಅದೂ ಬರತ್ತೆ ಸರ್" ಎಂದೆ.